ಒಂಬತ್ತೇ ಸಾಮಾನು, ಹತ್ತನೇದಿಲ್ಲ!

“ಮಗು ಬರೋದು ಅಂದ್ರೆ ಏನ್ ಮಹಾ? ಅದೂ ಒಂದು ಶಿಫ್ಟಿಂಗೇ! ಒಳಗಿನ ಮನೆಯಿಂದ ಹೊರಗಿನ ಮನೆಗೆ. ಬೇಕಾದ್ದು ಬೇಕಾದ ಹೊತ್ತಿಗೆ ಕೈಗೆ ಸಿಕ್ಕಿದ್ರೆ ಮುಗೀತು. ಒಂಬತ್ತು ಸಾಮಾನು. ಒಂಬತ್ತೇ! ಹತ್ತನೇದು ಆ ಪೆಟ್ಟಿಗೇಲಿ ಸಿಕ್ಕಿದ್ರೆ ನಾನು ಮೀಸೆ ಬೋಳಿಸ್ತೀನಿ!”

ಹೀಗೆ ಎದೆ ತಟ್ಕೊಂಡು ಹೇಳಿದ್ದು ಗಂಟಣ್ಣ. ಮೀಸೆ ವಿಷಯಕ್ಕೆ ನೀವೇನೂ ಗಾಬರಿ ಆಗ್ಬೇಡಿ, ಅವನಿಗೆ ಅದು ಸರಿಯಾಗಿ ಬರೋದೇ ಇಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ, ಅದೀಗ ಅವನಿಗೇ ಜ್ಞಾಪಕ ಇಲ್ಲ. ಮನೆ ಸಾಮಾನು ಸಾಗಿಸೋ ಕಂಪನೀಲಿ ಹದಿಮೂರು ವರ್ಷದಿಂದ ಹೆಡ್ ಪ್ಯಾಕರ್. ಅವನು ಹಾಕಿದ ಗಂಟು ಅವನೇ ಬಿಚ್ಚಬೇಕು, ಬೇರೆಯವರು ಕತ್ತರಿ ಹುಡುಕ್ಕೋಬೇಕು. ಅದಕ್ಕೇ ಗಂಟಣ್ಣ. ಒಂದ್ಸಲ ಯಾರದ್ದೋ ಮನೆಯಿಂದ ಆಳೆತ್ತರದ ಗಡಿಯಾರ ಒಂದನ್ನ ನಾಲ್ಕನೇ ಮಹಡಿಯಿಂದ ಕೆಳಗಿಳಿಸಿದ. ಕೆಳಗೆ ಬರೋವರೆಗೂ ಅದು ಟಿಕ್ ಟಿಕ್ ಅಂತಲೇ ಇತ್ತು. ತಾನು ಇಳೀತಾ ಇದೀನಿ ಅಂತ ಗಡಿಯಾರಕ್ಕೇ ಗೊತ್ತಾಗಿರ್ಲಿಲ್ಲ! ಚಿಕ್ಕವನಿದ್ದಾಗ್ಲೂ ಅಷ್ಟೇ. ಎರಡು ವರ್ಷಕ್ಕೇ ತನ್ನ ಚಡ್ಡಿ ಬಿಚ್ಚಿ ಅದರಲ್ಲಿ ಗೊಂಬೆ ಸುತ್ತಿಟ್ಟು, ತಾನು ಬೆತ್ತಲೆ ತಿರುಗೋನು. ಕೆಲಸ ಮುಖ್ಯ, ಮಾನ ಆಮೇಲೆ. ಇರ್ಲಿ, ಅದು ಬೇರೆ ಕಥೆ.

ಅವನ ಹೆಂಡತಿ ರೈಲ್ವೆ ಸ್ಟೇಷನ್ನಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಬರುತ್ತೆ ಯಾವುದು ತಡ ಅಂತ ಹೇಳೋಳು. ದಿನಾ ಸಾವಿರಾರು ಜನರ ಶಾಪ ತಿಂದೂ ತಿಂದೂ ಅವಳ ದನಿ ಬೆಣ್ಣೆ ಆಗಿಬಿಟ್ಟಿದೆ. ಅವಳಿಗೆ ಕೋಪ ಬಂದ್ರೆ ಕಿರುಚೋಲ್ಲ. ಕೋಪ ಏರಿದಷ್ಟೂ ಮರ್ಯಾದೆ ಏರುತ್ತೆ! ‘ದಯವಿಟ್ಟು’ ಅಂದ್ಲು ಅಂದ್ರೆ ಗಂಟಣ್ಣ ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಇಳೀತಾನೆ.

ಆ ಮನೇಲಿ ಒಬ್ಬರು ಅಜ್ಜಿ ಕೂಡ ಇದಾರೆ. ಗಂಟಣ್ಣನ ಅಪ್ಪನ ತಾಯಿ. ಬಹಳ ಒಳ್ಳೆಯವರು, ಸಾಧು, ಯಾರ ತಂಟೆಗೂ ಹೋಗೋರಲ್ಲ. ಅವರ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಬಿಡಿ.

ಈಗ, ಒಂಬತ್ತೇ ಯಾಕೆ ಅಂತೀರಾ? ಗಂಟಣ್ಣ ಜನರ ಮನೆ ಖಾಲಿ ಮಾಡಿಸೋನಲ್ವಾ, ಯಾರ ಅಟ್ಟದಲ್ಲಿ ಏನಿದೆ ಅಂತ ಅವನಿಗೆ ಗೊತ್ತು. ಯಾವ ಮನೆಗೆ ಹೋದ್ರೂ ಅಟ್ಟದಿಂದ ಮಗುವಿನ ಸಾಮಾನು ಮಳೆ ಸುರಿದ ಹಾಗೆ ಸುರಿಯುತ್ತಂತೆ. ಪ್ಲಾಸ್ಟಿಕ್ ಕವರೂ ಬಿಚ್ಚದ ತೊಟ್ಟಿಲು, ಎರಡೇ ಸಲ ತಳ್ಳಿದ ತಳ್ಳುಗಾಡಿ, ಬಾಟ್ಲಿ ಬಿಸಿ ಮಾಡೋ ಯಂತ್ರ, ಬಾಟ್ಲಿ ತಣ್ಣಗೆ ಮಾಡೋ ಯಂತ್ರ. ಮಗು ಮಾತ್ರ ಕಾಲೇಜಿಗೆ ಹೋಗಿರುತ್ತೆ! “ಇದನ್ನ ಎಸೀಲಾ ಅಮ್ಮಾ?” ಅಂದ್ರೆ “ಅಯ್ಯೋ, ಹೊಸದು ಕಣಪ್ಪಾ” ಅಂತ ಹೊಸ ಮನೆ ಅಟ್ಟಕ್ಕೆ ಹಾಕಿಸ್ತಾರಂತೆ.

ಆದ್ರೆ ಅವನ ಒಳಗಿನ ಮಾತು ಬೇರೇನೇ ಇತ್ತು. ಫ್ರಿಜ್ಜು ಎತ್ತೋ ಕೈಗೆ ಮಗು ಎತ್ತೋಕೆ ಭಯ! ಹೋದ ವರ್ಷ ಕೆಳಗಿನ ಮನೆಯವರು ತಮ್ಮ ಮೂರು ತಿಂಗಳ ಮಗುನ “ಒಂದ್ನಿಮಿಷ ಹಿಡ್ಕೊಳ್ಳಿ” ಅಂತ ಕೊಟ್ರು. ಇವನು ಅಭ್ಯಾಸಬಲದಿಂದ ಅದನ್ನ ಗ್ಯಾಸ್ ಸಿಲಿಂಡರ್ ಥರ ಹೆಗಲ ಮೇಲೆ ಏರಿಸಿದ. ಮಗು ಕಿರುಚಿದ ಕಿರುಚಾಟಕ್ಕೆ ಬೀದಿ ಕೊನೆಯ ನಾಯಿಗಳು ಉತ್ತರ ಕೊಟ್ಟವು. ಗಂಟಣ್ಣನ ಅತ್ತೆಯವರು, ಹೆರಿಗೆ ಹತ್ರ ಬಂತು ಅಂತ ಮಗಳ ಮನೆಗೆ ಬಂದಿದ್ರಲ್ಲ, ಈ ಕಥೆ ಕೇಳಿ ಗಲ್ಲಕ್ಕೆ ಬೆರಳಿಟ್ಟು ಅಂದ್ರು:

“ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಕೆಲವ್ರ ಕೈ ಮಗು ಎತ್ತೋ ಕೈ ಅಲ್ಲ. ನೀವು ಬೀರು ಎತ್ಕೊಳ್ಳಿ.”

ಈ ಮಾತು ಅವನ ಎದೇಲಿ ಮುಳ್ಳಾಗಿ ಕೂತುಬಿಡ್ತು. ತೋರಿಸ್ತೀನಿ ಇವರಿಗೆ ಅಂತಲೇ ಒಂಬತ್ತು ಸಾಮಾನಿನ ಶಪಥ!

ಹೆಂಡತಿ ಒಂದು ಷರತ್ತು ಹಾಕಿದ್ಲು. “ಸರಿ ರೀ, ಸಾಮಾನಿನ ಯಜಮಾನಿಕೆ ನಿಮಗೇ. ಆದ್ರೆ ಆವತ್ತು ಆಸ್ಪತ್ರೇಲಿ ನರ್ಸ್ ಕೇಳ್ದಾಗ ಸಾಮಾನು ಯಾರು ತಂದುಕೊಡ್ತಾರೋ, ಮಗು ಮೊದಲು ಅವರ ಕೈಗೆ. ಏನಾದ್ರೂ ಎಡವಟ್ಟಾದ್ರೆ, ತಪ್ಪು ಯಾರದೋ ಅವರು ಒಂದು ತಿಂಗಳು ಸ್ಟೂಲ್ ಮೇಲೆ ಕೂತು ದೂರದಿಂದ ಮಗು ನೋಡ್ಬೇಕು. ಮುಟ್ಟೋ ಹಾಗಿಲ್ಲ. ಒಪ್ಪಿಗೆನಾ?”

“ಒಪ್ಪಿಗೆ!” ಅಂದ ಗಂಟಣ್ಣ.

“ನಂಗೂ ಒಪ್ಪಿಗೆ!” ಅಂದ್ರು ಅತ್ತೆಯವರು, ಆಗ್ಲೇ ಸ್ಟೂಲಿನ ಧೂಳು ಒರೆಸ್ತಾ.

ಅಜ್ಜಿ ಕೂಡ ಮೂಲೆಯಿಂದ “ಹೂಂ, ಒಪ್ಪಿಗೆ!” ಅಂದ್ರು. ಅವರನ್ನ ಯಾರು ಕೇಳಿದ್ರೋ, ಯಾಕೆ ಬೇಕಿತ್ತೋ!

ಭಾನುವಾರ ಅಜ್ಜಿ ಬಿಟ್ಟು ಮೂರೂ ಜನ ಅಂಗಡಿಗೆ ಹೋದ್ರು. ಮಗುವಿನ ಸಾಮಾನಿಗೇ ಅಂತ ಎರಡು ಮಹಡಿಯ ಅಂಗಡಿ! ಅತ್ತೆಯವರ ಕೈಲಿ ಅರವತ್ತಮೂರು ಸಾಮಾನಿನ ಪಟ್ಟಿ, ಗಂಟಣ್ಣನ ಕೈಲಿ ಅಳತೆ ಟೇಪು. ಸೇಲ್ಸ್‌ಮನ್ ಒಂದು ತಳ್ಳುಗಾಡಿ ತಂದು ನಿಲ್ಲಿಸಿದ. ನಮ್ಮ ಗಂಟಣ್ಣ ಮಂಡಿ ಊರಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಅಳೆದು ತಲೆ ಆಡಿಸ್ದ.

“ನಮ್ಮ ಮೆಟ್ಟಿಲಿನ ತಿರುವಲ್ಲಿ ಇದು ತಿರುಗೋಲ್ಲ. ಮೂರು ಇಂಚು ಜಾಸ್ತಿ.”

“ಸರ್, ಇದು ಮಡಚುತ್ತೆ!”

“ಮಡಚಿದ್ರೆ ಮಗು ಎಲ್ಲಿ ಕೂರುತ್ತೆ?”

ಸೇಲ್ಸ್‌ಮನ್ ಸೋಲೋ ಆಸಾಮಿ ಅಲ್ಲ. ಅಂಗೈಯಗಲದ ಬಿಳಿ ಡಬ್ಬಿ ತೋರಿಸ್ದ. “ಮೇಡಂ, ಇದು ಮಗು ಯಾಕೆ ಅಳ್ತಿದೆ ಅಂತ ಹೇಳೋ ಯಂತ್ರ!”

“ನಮ್ಮನೇಲಿ ಅಮ್ಮ ಇದಾರೆ,” ಅಂದ್ಲು ಹೆಂಡತಿ. “ಮಗು ಅಳದೇ ಇದ್ರೂ ಹೇಳ್ತಾರೆ.”

ಅತ್ತೆಯವರಿಗೆ ಅದು ಹೊಗಳಿಕೆ ಅನ್ನಿಸ್ತು, ಪುಣ್ಯ. ಕೊನೆಗೆ ಒಂದು ಗಂಟೆ ಜಗ್ಗಾಡಿ ತಗೊಂಡದ್ದು ಒಂಬತ್ತೇ ಬಗೆ: ಲಂಗೋಟಿ, ಅಂಗಿ, ಮೆತ್ತನೆ ಹತ್ತಿ ಬಟ್ಟೆ, ಟವೆಲು, ಹೊದಿಕೆ, ಕಾಲುಚೀಲ, ರಬ್ಬರ್ ಶೀಟು, ಸೋಪು, ಮತ್ತೆ ಒಂದು ಚಿಕ್ಕ ಬಟ್ಟಲು ಚಮಚ ಒಟ್ಟಿಗೆ. ಚಮಚವನ್ನ ಬೇರೆ ಲೆಕ್ಕ ಹಿಡಿದ್ರೆ ಹತ್ತಾಗುತ್ತೆ ಅಂತ ಅತ್ತೆಯವರು ಪಟ್ಟು ಹಿಡಿದ್ರು. ಜೋಡಿ ಚಪ್ಪಲಿ ಒಂದೇ ಸಾಮಾನು ಅಲ್ವಾ ಅಂತ ಗಂಟಣ್ಣ ಗೆದ್ದ.

ಮನೆಗೆ ಬಂದ್ರೆ ಅಜ್ಜಿ ಬಾಗಿಲಲ್ಲೇ ನಿಂತಿದಾರೆ, ಕೈಲಿ ಹಳದಿ ಉಣ್ಣೆ ಟೋಪಿ. ನಾಲ್ಕು ತಿಂಗಳು ಕಣ್ಣು ಕಿಸ್ಕೊಂಡು ಹೆಣೆದ ಟೋಪಿ! ತುದೀಲಿ ಒಂದು ಗೊಂಡೆ, ಆ ಗೊಂಡೆಯೊಂದಕ್ಕೇ ಹದಿನೈದು ದಿನ ಹಿಡಿದಿದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಜನ ಗಾದೆ ಕಟ್ಟಿ ನಗ್ತಾರೆ. ನಗೋರು ನಗ್ಲಿ! ಕೂಸು ಹುಟ್ಟಿದ ಮೇಲೆ ಹೆಣೀತಾ ಕೂತ್ರೆ ತಲೆ ಕಾಯುತ್ತಾ?

“ಪುಟ್ಟಾ, ಇದನ್ನೂ ಹಾಕೋ.”

“ಅಜ್ಜಿ, ಪಟ್ಟೀಲಿ ಟೋಪಿ ಇಲ್ಲ.”

“ಟೋಪಿ ಇಲ್ಲದ ಮಗು ಎಲ್ಲಾದ್ರೂ ಉಂಟೇನೋ?”

“ಹೊದಿಕೆ ಮೂಲೆನೇ ತಲೆ ಮೇಲೆ ಮಡಚಿದ್ರೆ ಟೋಪಿ ಆಯ್ತು. ಒಂದು ಸಾಮಾನು ಎರಡು ಕೆಲಸ ಮಾಡ್ಬೇಕು ಅಜ್ಜಿ, ಅದೇ ಪ್ಯಾಕಿಂಗು! ಮನೆಗೆ ಬಂದ್ಮೇಲೆ ಹಾಕೋಣ ಬಿಡಿ.”

ಅಜ್ಜಿ ಒಂದು ಮಾತೂ ಆಡ್ಲಿಲ್ಲ. ಅಂಥಾ ಸಾಧು.

ಸೋಮವಾರ ಪ್ಯಾಕಿಂಗು. ಏನು ಭಕ್ತಿ ಅಂತೀರಿ! ಕಂಪನಿಯ ಹೊಸ ರಟ್ಟಿನ ಪೆಟ್ಟಿಗೆ, ಕೆಳಗೆ ಪೇಪರ್ ಹಾಸು, ಮೊದಲು ಬೇಕಾಗೋದು ಮೇಲೆ, ಆಮೇಲೆ ಬೇಕಾಗೋದು ಕೆಳಗೆ, ಮೂರು ಸುತ್ತು ಟೇಪು. ಪೆಟ್ಟಿಗೆ ಮೇಲೆ ಒಳಗೇನಿದೆ ಅಂತ ಬರೆಯೋ ಹಾಗಿಲ್ಲ, ಅದು ಅವರ ಕಂಪನಿ ನಿಯಮ. ‘ಬೆಳ್ಳಿ’ ಅಂತ ಬರೆದ್ರೆ ಕಳ್ಳ ಬೇರೆ ಪೆಟ್ಟಿಗೆ ಮುಟ್ತಾನಾ? ಬರೀ ನಂಬರ್ ಸ್ಟಿಕ್ಕರ್, ಒಳಗಿನ ಪಟ್ಟಿ ಜೇಬಲ್ಲಿ. ಆ ವಾರ ಅವನ ಕೈಲಿದ್ದ ಕೆಲಸ ಒಬ್ಬ ಹಲ್ಲಿನ ಡಾಕ್ಟರದ್ದು. ಕ್ಲಿನಿಕ್ಕು ಹೊಸ ಕಟ್ಟಡಕ್ಕೆ ಹೋಗ್ಬೇಕು, ಒಟ್ಟು ಮೂವತ್ತು ಪೆಟ್ಟಿಗೆ.

“ಅವರದ್ದು ಮೂವತ್ತು. ನಮ್ಮದು ಮೂವತ್ತೊಂದು!” ಅಂತ ಸ್ಟಿಕ್ಕರ್ ಅಂಟಿಸಿ ತಟ್ಟಿದ. “ಗಾಡಿ ಯಾವಾಗ್ಲೂ ನನ್ನ ಜೊತೇಲೇ ಇರುತ್ತೆ. ಬುಧವಾರದಿಂದ ಇದು ಗಾಡೀಲೇ ಇರ್ಲಿ. ಎಲ್ಲಿಂದ ಫೋನ್ ಬಂದ್ರೂ ಸ್ಟೀರಿಂಗ್ ತಿರುಗಿಸಿದ್ರೆ ಆಸ್ಪತ್ರೆ!”

“ಮತ್ತೆ ನಾನು?” ಅಂದ್ಲು ಹೆಂಡತಿ. “ನಾನು ಎಷ್ಟನೇ ನಂಬರ್ರು?”

“ನಿನ್ನ ಹೆರಿಗೆಗೆ ಇನ್ನೂ ಹತ್ತು ದಿನ ಇದೆ ಕಣೇ.”

“ನಾನು ಒಂಬತ್ತು ವರ್ಷದಿಂದ ಗಾಡಿ ಟೈಮ್ ಹೇಳ್ತಾ ಇದೀನಿ. ಹೇಳಿದ ಟೈಮಿಗೆ ಬಂದ ಗಾಡಿ ನಾನು ನೋಡಿಲ್ಲ.”

ಬುಧವಾರ ಡಾಕ್ಟರ ಸಾಮಾನು ಹೊರಡ್ತು. ಗಂಟಣ್ಣ ಕ್ಲಿನಿಕ್ಕಲ್ಲೇ ಇದ್ದ, ಆ ರೋಗಿ ಕೂರೋ ಕುರ್ಚಿ ಇದ್ಯಲ್ಲ, ಅದನ್ನ ಬಿಚ್ಚೋದು ಯುದ್ಧದ ಕೆಲಸ. ಹಾಗಾಗಿ ಡ್ರೈವರ್ ಒಬ್ಬನೇ ಮನೆಗೆ ಬಂದು, ಅಜ್ಜಿ ಕೈಯಿಂದ ಪೆಟ್ಟಿಗೆ ಇಸ್ಕೊಂಡು, ಎಲ್ಲಕ್ಕಿಂತ ಕೊನೇಲಿ, ಗಾಡಿ ಬಾಗಿಲ ಪಕ್ಕದಲ್ಲೇ ಇಟ್ಟ. ಸಂಜೆ ಹೊಸ ಕ್ಲಿನಿಕ್ಕಲ್ಲಿ ಎಲ್ಲಾ ಇಳಿಸಿದ ಮೇಲೆ ಕೆಳಗಿಂದ ಕೂಗಿದ, “ಗಂಟಣ್ಣಾ, ಮೂವತ್ತೂ ಟಿಕ್ ಆಯ್ತು! ಗಾಡೀಲಿ ಒಂದು ಉಳ್ಕೊಂಡಿದೆ!”

“ಅದು ನಮ್ಮನೇದಪ್ಪಾ! ಮುಟ್ಬೇಡ!” ಅಂತ ಇವನು ಮೇಲಿಂದ ರಾಜನ ಥರ ಕೈ ಎತ್ತಿದ.

ಗುರುವಾರ ಬೆಳಗ್ಗೆ ಎಂಟಕ್ಕೆ ಹೆಂಡತಿ ಹಲ್ಲುಜ್ಜಿ ಬಂದು ಶಾಂತವಾಗಿ ಹೇಳಿದ್ಲು. “ರೀ, ದಯವಿಟ್ಟು ಗಮನಿಸಿ. ಒಂದು ವಾರ ಆಮೇಲೆ ಬರಬೇಕಾಗಿದ್ದ ಗಾಡಿ ಈಗ ಬರ್ತಾ ಇದೆ.”

ಮನೆಯೊಳಗೆ ಭೂಕಂಪ! ಅತ್ತೆಯವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅಳಿಯನದ್ದು ಹಾಕ್ಕೊಂಡು ಹೊರಟ್ರು. ಗಂಟಣ್ಣ ಮಾತ್ರ ಸೇನಾಪತಿ. ಕಂಪನಿ ಗಾಡಿ ಬಾಗಿಲಿಗೇ ಬಂತು. ಅದರ ಪಕ್ಕೆ ಮೇಲೆ ದಪ್ಪಕ್ಷರದಲ್ಲಿ ‘ನಿಮ್ಮ ಸಾಮಾನು, ನಮ್ಮ ಪ್ರಾಣ’. ಮುಂದಿನ ಸೀಟಲ್ಲಿ ಹೆಂಡತಿ, ಪಕ್ಕ ಅವಳ ಅಮ್ಮ, ಹಿಂದೆ ಮಡಚಿದ ಕಂಬಳಿ ಮೇಲೆ ಅಜ್ಜಿ, ಅಜ್ಜಿ ಎದುರಿಗೆ ಪೆಟ್ಟಿಗೆ ತಬ್ಕೊಂಡು ಗಂಟಣ್ಣ. ಎತ್ತಿದಾಗ್ಲೇ ‘ಸ್ವಲ್ಪ ಭಾರ ಇದ್ಯಲ್ಲಾ’ ಅನ್ನಿಸ್ತಂತೆ ಅವನಿಗೆ. ‘ಜವಾಬ್ದಾರಿ ಅಂದ್ರೆ ಭಾರಾನೇ’ ಅಂತ ಸಮಾಧಾನ ಮಾಡ್ಕೊಂಡನಂತೆ. ಸ್ಟಿಕ್ಕರ್ ಇದ್ದ ಮಗ್ಗಲು ಅವನ ಹೊಟ್ಟೆ ಕಡೆಗಿತ್ತು.

ಆಸ್ಪತ್ರೇಲಿ ಅವಳನ್ನ ಒಳಗೆ ಕರ್ಕೊಂಡು ಹೋದ್ರು. ಹತ್ತೂವರೆ ಹೊತ್ತಿಗೆ ನರ್ಸ್ ಹೊರಗೆ ಬಂದ್ಲು.

“ಒಳಗಿಂದ ನಿಮ್ಮ ಮನೆಯವರು ಹೇಳಿ ಕಳಿಸಿದಾರೆ. ಗಾಡಿ ಔಟರ್ ಸಿಗ್ನಲ್ ದಾಟಿದೆಯಂತೆ, ಸಾಮಾನು ಎಲ್ಲಿ ಅಂತ ಕೇಳಿದ್ರು. ಮಗುವಿನ ಬಟ್ಟೆ ಕೊಡಿ.”

ಅದಕ್ಕೇ ಕಾದಿದ್ದ ಗಂಟಣ್ಣ! ಅತ್ತೆಯವರನ್ನ ಒಮ್ಮೆ ಓರೆಗಣ್ಣಲ್ಲಿ ನೋಡಿ, ಬೀಗದ ಕೈಯಿಂದ ಟೇಪು ಸರ್ರಂತ ಸೀಳಿ, ಪೇಪರ್ ಸರಿಸಿದ.

ಒಳಗೆ ಹಲ್ಲು!

ಸಾಲು ಸಾಲು ಹಲ್ಲು. ಮೇಲಿನ ದವಡೆ, ಕೆಳಗಿನ ದವಡೆ, ಬಿಳೀ ಅಚ್ಚು, ಗುಲಾಬಿ ವಸಡಿನ ಸೆಟ್ಟು. ಒಂದೊಂದೂ ಅವನೇ ಕೈಯಾರೆ ಸುತ್ತಿಟ್ಟ ಬಬಲ್ ಹಾಳೆಯೊಳಗಿಂದ ಅವನನ್ನೇ ನೋಡಿ ಕಿಸಿಯುತ್ತಾ ಇವೆ!

ನರ್ಸ್ ಬಗ್ಗಿ ನೋಡಿದ್ಲು. “ಏನ್ರೀ ಇದು, ಹುಟ್ಟಿದ ದಿನಾನೇ ಹಲ್ಲು ತಂದಿದೀರಾ? ಒಂದಾರು ತಿಂಗಳು ತಡ್ಕೊಳ್ಳಿ, ತಾನಾಗೇ ಬರುತ್ತೆ.”

ಗಂಟಣ್ಣ ಪೆಟ್ಟಿಗೆ ತಿರುಗಿಸಿದ. ಸ್ಟಿಕ್ಕರ್ ಮೇಲೆ ಏಳು. “ಇದು ಏಳನೇ ನಂಬರ್ರು! ಡಾಕ್ಟರದ್ದು! ನಮ್ಮದು ಮೂವತ್ತೊಂದು! ನಾನೇ ಅಂಟಿಸಿದ್ದೆ, ಮೂವತ್ತೊಂದು!”

“ಕುಣಿಯೋಕೆ ಬರದಿದ್ದೋರು ನೆಲ ಡೊಂಕು ಅಂದ್ರಂತೆ,” ಅಂದ್ರು ಅತ್ತೆಯವರು, ಕಾರಿಡಾರಲ್ಲಿ ಸ್ಟೂಲು ಎಲ್ಲಿದೆ ಅಂತ ಹುಡುಕ್ತಾ. ಅಜ್ಜಿ ಮಾತ್ರ ಪಾಪ, ಛಾವಣಿ ಫ್ಯಾನ್ ನೋಡ್ತಾ ಕೂತಿದ್ರು.

ಅಷ್ಟರಲ್ಲಿ ಫೋನು. ಹಲ್ಲಿನ ಡಾಕ್ಟರು! ಬಹಳ ಮೃದು ಮನುಷ್ಯ. ದಾರೀಲಿ ಇರುವೆ ಸಿಕ್ಕಿದ್ರೂ ‘ಸ್ವಲ್ಪ ಕೂಡ ನೋಯೋಲ್ಲಮ್ಮಾ’ ಅಂತ ದಾಟೋರು.

“ಗಂಟಣ್ಣ ಅವರೇ, ಏಳನೇ ಪೆಟ್ಟಿಗೆ ತೆಗೆದೆ. ಅದರಲ್ಲಿ... ಹೇಗೆ ಹೇಳೋದು... ಲಂಗೋಟಿ ಇದೆ.”

“ಎಲ್ಲಾ ಒಣಗಿದ್ಯಾ ಡಾಕ್ಟ್ರೇ?”

“ನಾನು ಮುಟ್ಟಿಲ್ಲಪ್ಪ! ನನ್ನ ಹಲ್ಲುಗಳು ಎಲ್ಲಿ?”

“ಇಲ್ಲೇ ಇವೆ. ನನ್ನ ನೋಡಿ ನಗ್ತಾ ಇವೆ.”

“ಇಲ್ಲಿ ಒಬ್ಬರು ಹಿರಿಯ ವಕೀಲರು ಹಲ್ಲಿನ ಸೆಟ್ಟಿಗೆ ಕಾಯ್ತಾ ಕುರ್ಚೀಲಿ ಕೂತಿದಾರೆ. ಹನ್ನೆರಡಕ್ಕೆ ಅವರ ಭಾಷಣ ಇದೆಯಂತೆ! ಒಂದು ಹಲ್ಲೂ ಇಲ್ಲ!”

“ಇಲ್ಲಿ ಹೆರಿಗೆ ಆಸ್ಪತ್ರೇಲಿ ನನ್ನ ಮಗು ಬರ್ತಾ ಇದೆ ಡಾಕ್ಟ್ರೇ, ಒಂದು ಬಟ್ಟೆನೂ ಇಲ್ಲ!”

ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರಲ್ಲ, ಆವತ್ತು ಹಲ್ಲಿದ್ದ ಕಡೆ ಬಾಯಿಲ್ಲ, ಲಂಗೋಟಿ ಇದ್ದ ಕಡೆ ಮಗುವಿಲ್ಲ!

“ನಾನೇ ತಂದುಕೊಡ್ತೀನಿ!” ಅಂದ್ರು ಇಬ್ಬರೂ. ಒಂದೇ ಉಸಿರಲ್ಲಿ. ಇಬ್ಬರೂ ದೊಡ್ಡ ಮನುಷ್ಯರು ನೋಡಿ, ಇನ್ನೊಬ್ಬರ ಮಾತು ಕೇಳಿಸ್ಕೊಳ್ಳದೇ ಫೋನ್ ಇಟ್ರು. ಗಂಟಣ್ಣ ಫೋನನ್ನ ಅಜ್ಜಿ ಮಡಿಲಿಗೆ ಹಾಕಿ, ಹಲ್ಲು ಎತ್ಕೊಂಡು ಓಡಿದ.

ದಾರೀಲಿ ದೊಡ್ಡ ಸಿಗ್ನಲ್ ಹತ್ರ ಎದುರಿಂದ ಒಂದು ಪುಟ್ಟ ಕಾರು ಬಂತು. ನೆತ್ತಿ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಬಟ್ಟೆ ಒಣಗಿ ಹಾಕೋ ಹಗ್ಗದಲ್ಲಿ ಕಟ್ಟಿದೆ. ಗಂಟಣ್ಣನಿಗೆ ಹೊಟ್ಟೆ ಉರೀತು. “ನೋಡು, ಯಾವನೋ ಪುಣ್ಯಾತ್ಮ ಕಟ್ಟಿರೋದು! ಇದು ಗಂಟಾ? ಮುಂದಿನ ತಿರುವಲ್ಲಿ ಬೀಳುತ್ತೆ!” ಅಂತ ಡ್ರೈವರಿಗೆ ಪಾಠ ಮಾಡ್ದ. ಅದು ಅವನದ್ದೇ ಪೆಟ್ಟಿಗೆ. ಒಳಗೆ ಅವನದ್ದೇ ಲಂಗೋಟಿ. ಕಾರು ಓಡಿಸ್ತಿದ್ದದ್ದು ಡಾಕ್ಟರು!

ಕ್ಲಿನಿಕ್ಕಿಗೆ ಏದುಸಿರು ಬಿಡ್ತಾ ನುಗ್ಗಿದ್ರೆ, ರಿಸೆಪ್ಷನ್ ಹುಡುಗಿ ಕಣ್ಣು ಬಿಟ್ಟಳು. “ಡಾಕ್ಟ್ರು ನಿಮ್ಮ ಆಸ್ಪತ್ರೆಗೇ ಹೋದ್ರಲ್ಲಾ!”

ಗಂಟಣ್ಣ ಅಲ್ಲೇ ಕಂಬ ಆದ. ಕುರ್ಚೀಲಿ ಕೂತಿದ್ದ ವಕೀಲರು ಮಾತ್ರ ಹದ್ದಿನ ಥರ ಪೆಟ್ಟಿಗೆ ಮೇಲೆ ಎರಗಿ, ತಮ್ಮ ಹೆಸರಿನ ಡಬ್ಬಿ ಹುಡುಕಿ, ಸೆಟ್ಟು ತೊಳೆಸಿ, ಬಾಯಿಗೆ ಟಕ್ಕಂತ ಕೂರಿಸಿದ್ರು. ಹೊಸ ಹಲ್ಲಿನಿಂದ ಬಂದ ಮೊದಲ ಮಾತು:

“ಅಲ್ಲಯ್ಯಾ, ಹೆಂಡತಿ ಹೆರೋ ಹೊತ್ತಲ್ಲಿ ಇಲ್ಲಿ ಹಲ್ಲು ಹಂಚ್ತಾ ನಿಂತಿದೀಯಲ್ಲಾ, ನಾಚಿಕೆ ಆಗಲ್ವಾ? ಓಡು!”

ಇತ್ತ ಆಸ್ಪತ್ರೇಲಿ ಏನಾಯ್ತು ಗೊತ್ತಾ? ಡಾಕ್ಟರು ಪೆಟ್ಟಿಗೆ ತಂದು ನರ್ಸ್ ಕೈಗೆ ಕೊಟ್ಟು ಬೆವರು ಒರೆಸ್ಕೊಂಡ್ರು. ಕಾಲು ಗಂಟೆಗೆ ಒಳಗಿಂದ ಒಂದು ಅಳು! ಆಹಾ, ಏನು ದನಿ ಅಂತೀರಿ, ಮೈಕೇ ಬೇಡ, ಅಮ್ಮನ ಕೆಲಸ ನಾಳೆನೇ ಇದಕ್ಕೆ ಕೊಡಬಹುದು! ಬಾಗಿಲು ತೆಗೆದು ನರ್ಸ್ ಬಂದ್ಲು, ಕೈಲಿ ಬಿಳೀ ಗಂಟು.

“ಹೆಣ್ಣು ಮಗು! ಸಾಮಾನು ತಂದವರು ಯಾರು? ಅವರ ಕೈಗೇ ಮೊದಲು ಕೊಡ್ಬೇಕು ಅಂತ ತಾಯಿ ಹೇಳಿದಾರೆ.”

ಅತ್ತೆಯವರು ಎರಡೂ ಕೈ ಚಾಚಿದ್ರು. ಅಜ್ಜಿ ಎರಡೂ ಕೈ ಚಾಚಿದ್ರು. ಡಾಕ್ಟರು ಸುಳ್ಳು ಹೇಳೋ ಜನ ಅಲ್ಲ. “ನಾನೇ ತಂದದ್ದು,” ಅಂದ್ರು ಮೆಲ್ಲಗೆ. ಮಗು ಅವರ ಕೈಗೆ ಹೋಯ್ತು!

ಅವರೇನು ಮಾಡ್ತಾರೆ ಪಾಪ, ಮೂವತ್ತು ವರ್ಷದ ಅಭ್ಯಾಸ. ಮಗು ಅಳೋಕೆ ಬಾಯಿ ತೆರೆದದ್ದೇ ತಡ, ಬೆಳಕಿನ ಕಡೆ ತಿರುಗಿಸಿ ಒಳಗೆ ಇಣುಕಿದ್ರು. “ವಸಡು ಬಹಳ ಚೆನ್ನಾಗಿದೆ,” ಅಂದ್ರು. “ಒಂದೂ ಹುಳುಕಿಲ್ಲ!”

ಗಂಟಣ್ಣ ಬಂದಾಗ ನೋಡಿದ್ದು ಇದನ್ನೇ. ತನ್ನ ಮಗಳು, ಹಲ್ಲಿನ ಡಾಕ್ಟರ ಕೈಲಿ, ಬಾಯಿ ಪರೀಕ್ಷೆ. ಗಡಿಯಾರ ನಿಲ್ಲಿಸದೇ ಇಳಿಸಿದ ಆಸಾಮಿ, ಗೋಡೆಗೆ ಒರಗಿ ಕೂತುಬಿಟ್ಟ. ಕಣ್ಣಲ್ಲಿ ನೀರು. ಒಂದು ಮಾತು ಹೊರಡ್ತು, “ನಾನು ಮೂವತ್ತೊಂದೇ ಅಂಟಿಸಿದ್ದೆ.” ನಂಬೋರು ಯಾರು?

“ಒಂದು ತಿಂಗಳು ಸ್ಟೂಲು, ಅಳಿಯಂದ್ರೇ!” ಅಂದ್ರು ಅತ್ತೆಯವರು.

ಅಜ್ಜಿ ಆಗ ಎದ್ದು ನಿಂತ್ರು. ಒಂದ್ಸಲ ಬಾಯಿ ತೆರೆದ್ರು. ಮುಚ್ಚಿದ್ರು. ಧೈರ್ಯ ಅನ್ನೋದು ಬೇಕಾದಾಗ ಬರೋದಿಲ್ಲ, ರೈಲಿನ ಹಾಗೇ.

ಸ್ವಲ್ಪ ಹೊತ್ತಿಗೆ ಎಲ್ಲರನ್ನೂ ಒಳಗೆ ಕರೆದ್ರು. ಹೆಂಡತಿ ದಿಂಬಿಗೆ ಒರಗಿ ಕೂತಿದ್ಲು, ಪಕ್ಕದಲ್ಲಿ ಮಗು, ಮಂಚದ ಮೇಲೆ ಪೆಟ್ಟಿಗೆ. ಗಂಡನ ಮುಖ ನೋಡಿದ್ಲು. ಅವಳಿಗೆ ಅವನ ಕೈ ಗೊತ್ತು, ನೋಡಿ. ಅವನ ಜೇಬಿನಿಂದ ಪಟ್ಟಿ ತೆಗೆದು, ಒಂದೊಂದೇ ಸಾಮಾನು ಎತ್ತಿಟ್ಟಳು.

“ಲಂಗೋಟಿ, ಅಂಗಿ, ಬಟ್ಟೆ, ಟವೆಲು, ಹೊದಿಕೆ, ಕಾಲುಚೀಲ, ಶೀಟು, ಸೋಪು, ಬಟ್ಟಲು ಚಮಚ. ಒಂಬತ್ತು. ಸರಿಯಾಗಿದೆ.” ಆಮೇಲೆ ಪೆಟ್ಟಿಗೆ ತಳಕ್ಕೆ ಕೈ ಹಾಕಿದ್ಲು. “ಹಾಗಾದ್ರೆ ಇದು?”

ಕೈಲಿ ಹಳದಿ ಟೋಪಿ. ಗೊಂಡೆ ಆಚೆ ಈಚೆ ತೂಗಾಡ್ತಾ ಇತ್ತು.

“ನಾನು ಹಾಕಿಲ್ಲ!” ಅಂದ ಗಂಟಣ್ಣ, ತಟ್ಟನೆ ಎದ್ದು. ಟೇಪು ಮುಟ್ಟಿ ನೋಡ್ದ. “ಈ ಟೇಪೂ ನಂದಲ್ಲ! ನಾನು ಹೀಗೆ ಸುಕ್ಕು ಬರೋ ಹಾಗೆ ಎಳೆಯೋಲ್ಲ! ಯಾರೋ ಪೆಟ್ಟಿಗೆ ಬಿಚ್ಚಿ, ಟೋಪಿ ತೂರಿಸಿ, ವಾಪಸ್ ಅಂಟಿಸಿದಾರೆ. ಬಿಚ್ಚುವಾಗ ನನ್ನ ಸ್ಟಿಕ್ಕರ್ ಹರಿದಿದೆ. ಅದಕ್ಕೆ ಬದಲು ಮನೆ ಡ್ರಾಯರಲ್ಲಿದ್ದ ಸ್ಟಿಕ್ಕರ್ ಸುರುಳಿಯಿಂದ ಏಳನೇ ನಂಬರ್ ಕಿತ್ತು...”

ಆ ಕೋಣೇಲಿ ಇದ್ದ ನಾಲ್ಕು ತಲೆ ಒಂದೇ ಕಡೆ ತಿರುಗಿದವು. ಡಾಕ್ಟರದ್ದೂ ಸೇರಿ. ಮಗು ಕೂಡ ತಿರುಗಿದ ಹಾಗೆ ಅನ್ನಿಸ್ತು.

ಅಜ್ಜಿ ಹೇಳಿದ್ರು. ಎಲ್ಲಾ ಹೇಳಿದ್ರು. ಮಂಗಳವಾರ ಮಧ್ಯಾಹ್ನ ಮನೇಲಿ ಯಾರೂ ಇರ್ಲಿಲ್ಲ ಅಂತ, ನಾಲ್ಕು ತಿಂಗಳ ಟೋಪಿ ನೋಡಿ ಸಂಕಟ ಆಯ್ತು ಅಂತ, ತರಕಾರಿ ಚಾಕು ತಗೊಂಡ್ರು ಅಂತ, ಕನ್ನಡಕ ಸಿಗ್ಲಿಲ್ಲ ಅಂತ. “ಏಳು ಅಂತ ಕಾಣಿಸ್ತು ಕಣೋ ಪುಟ್ಟಾ. ಏಳಾದ್ರೇನು ಮೂವತ್ತೊಂದಾದ್ರೇನು, ಅಂಟು ಅಂಟೇ ಅಲ್ವಾ ಅಂದ್ಕೊಂಡೆ. ಡಾಕ್ಟರ ಪೆಟ್ಟಿಗೇಲೂ ಒಂದು ಏಳಿರುತ್ತೆ ಅಂತ ನನಗೇನು ಗೊತ್ತು? ಬಾಗಿಲ ಹತ್ರ ಇದ್ದ ಏಳನ್ನ ಡ್ರೈವರ್ ಇಳಿಸಿ ಟಿಕ್ ಹಾಕಿದ, ಒಳಗಿದ್ದ ಏಳು ನಮ್ಮದಾಯ್ತು.”

ಹೆಂಡತಿ ಟೋಪಿ ಪಕ್ಕಕ್ಕಿಟ್ಟಳು. ಆಮೇಲೆ ಮಗುನ ಎತ್ತಿ ಗಂಡನ ಕಡೆ ಚಾಚಿದ್ಲು. “ತಪ್ಪು ಯಾರದು ಅಂತ ಗೊತ್ತಾಯ್ತಲ್ಲ. ಹಿಡ್ಕೊಳ್ಳಿ.”

“ಬೀಳಿಸ್ಬಿಟ್ಟಾರು, ಬೀಳಿಸ್ಬಿಟ್ಟಾರು!” ಅಂತ ಅತ್ತೆಯವರು ಕೈ ಅಡ್ಡ ಇಟ್ರು. ಮಗು ಕಾಲು ಒದ್ದು ಒದ್ದು ಸುತ್ತಿದ್ದ ಬಟ್ಟೆ ಬಿಚ್ಕೊಂಡು ಕಿರುಚ್ತಾ ಇತ್ತು. ಗಂಟಣ್ಣ ಎರಡೂ ಕೈಯಲ್ಲಿ ಮಗುನ ತಗೊಂಡ. ಆಮೇಲೆ ಮಗುನ ಮಂಚದ ಮೇಲೆ ಇಟ್ಟ, ಹೊದಿಕೆ ಮೂಲೆ ಎಳೆದ, ಗಾಜಿನ ಹೂಜಿ ಸುತ್ತೋ ಹಾಗೆ ಒಂದು ಮಡಿಕೆ ಎಡಕ್ಕೆ, ಒಂದು ಬಲಕ್ಕೆ, ಕೆಳಗಿನದ್ದು ಮೇಲಕ್ಕೆ, ಕೊನೇ ಮೂಲೆ ತಲೆ ಮೇಲೆ. ಟೋಪಿ! ಒಂದು ಪಿನ್ ಇಲ್ಲ, ಒಂದು ಸುಕ್ಕಿಲ್ಲ. ಎತ್ತಿ ಎದೆಗೆ ಒರಗಿಸ್ಕೊಂಡ. ಮಗು ಒಂದ್ಸಲ ಬಿಕ್ಕಿ, ಕಣ್ಣು ಮುಚ್ತು. ಆ ಗಡಿಯಾರದ ಹಾಗೇ ಅದಕ್ಕೂ ಗೊತ್ತಾಗಿರ್ಲಿಲ್ಲ, ಮನೆ ಬದಲಾಯ್ತು ಅಂತ.

ಅತ್ತೆಯವರು ಅಡ್ಡ ಇಟ್ಟ ಕೈ ಹಿಂದಕ್ಕೆ ತಗೊಂಡ್ರು. “ಮಡಿಸೋದು ನಂಗೂ ಸ್ವಲ್ಪ ತೋರಿಸ್ಕೊಡಿ ಅಳಿಯಂದ್ರೇ,” ಅಂದ್ರು.

“ಹಾಗಾದ್ರೆ ನಂಗೆ?” ಅಂತ ಅಜ್ಜಿ ಮೆಲ್ಲಗೆ ಕೈ ಚಾಚಿದ್ರು.

ಹೆಂಡತಿ ನಕ್ಕಳು. ಬೆಣ್ಣೆ ಥರದ ಆ ದನಿ ತೆಗೆದ್ಲು. “ಅಜ್ಜಿಯವರೇ, ದಯವಿಟ್ಟು ಗಮನಿಸಿ. ನಿಮ್ಮ ಸರದಿ ಒಂದು ತಿಂಗಳು ತಡವಾಗಿ ಬರಲಿದೆ. ನಿಮಗೆ ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ಟೋಪಿ ಏನಾಯ್ತು ಅಂತೀರಾ? ಮಗುವಿಗೆ ಹಾಕಿ ನೋಡಿದ್ರು, ಗಲ್ಲದವರೆಗೂ ಇಳೀತು. ಈಗ ಅದನ್ನ ಬಿಸಿನೀರಿನ ಫ್ಲಾಸ್ಕಿಗೆ ತೊಡಿಸಿದಾರೆ. ಸರಿಯಾಗಿ ಕೂರುತ್ತೆ, ಗೊಂಡೆ ಸಮೇತ. ಗಂಟಣ್ಣ ಅದರ ಮೇಲೆ ‘ಹತ್ತು’ ಅಂತ ಸ್ಟಿಕ್ಕರ್ ಬೇರೆ ಅಂಟಿಸಿದಾನೆ.

ಇಷ್ಟೆಲ್ಲಾ ವಿವರ ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡಿ. ಈ ಸ್ಟೂಲ್ ಮೇಲೆ ಕೂತ್ರೆ ಇಡೀ ಮನೆ ಚೆನ್ನಾಗಿ ಕಾಣಿಸುತ್ತೆ. ಇನ್ನು ಹನ್ನೊಂದೇ ದಿನ!